ಕುನ್ನಿಗೊಂದು ಮನೆ

2025ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳನ್ನು ಕುರಿತು ಹನ್ನೊಂದು ದಿನಗಳ ಅಂತರದಲ್ಲಿ ಎರಡು ಆಜ್ಞೆಗಳನ್ನು ಹೊರಡಿಸಿತು. ದಿಲ್ಲಿ ಮತ್ತು ಅದರ ಸುತ್ತಲಿನ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿ ಇಡಬೇಕು, ಮರಳಿ ಬೀದಿಗೆ ಬಿಡಕೂಡದು ಎಂದು 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ವಿಧಿಸಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಕಟ್ಟಳೆಯನ್ನು ಸಡಿಲಿಸಿತು. ಹುಚ್ಚು ಹಿಡಿದ ಇಲ್ಲವೆ ಹಿಡಿದಿರಬಹುದಾದ ನಾಯಿಗಳನ್ನೂ ಮೈಮೇಲೆ ಬೀಳುವ ಸ್ವಭಾವದವನ್ನೂ ಬಿಟ್ಟು ಉಳಿದವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂದಿತು. ದಿಲ್ಲಿಗೆ ಸೀಮಿತವಾಗಿದ್ದ ಮೊಕದ್ದಮೆಯ ವ್ಯಾಪ್ತಿಯನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ನವೆಂಬರ್ 7ರಂದು ಬಂದ ಮತ್ತೊಂದು ಆಜ್ಞೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯಧಾಮಗಳಿಗೆ ಒಯ್ಯಬೇಕೆಂದು ಹೇಳಿತು.

ಈ ಆಜ್ಞೆಗಳ ಸುತ್ತ ನಡೆದ ವಾದವಿವಾದ ಓದುಗರಿಗೆ ನೆನಪಿದೆ. ನಾಯಿಯನ್ನು ಹಿಡಿಯಬೇಕೆ, ಬಿಡಬೇಕೆ ಎಂಬುದರ ಮೇಲೆಯೇ ಎರಡು ಪಕ್ಷಗಳಾದವು. ಆ ಗದ್ದಲದಲ್ಲಿ ಆಗಸ್ಟ್ 22ರ ಆಜ್ಞೆಯ ಒಂದು ಚಿಕ್ಕ ಅಂಶ ಯಾರ ಗಮನಕ್ಕೂ ಸಾಕಷ್ಟು ಬರಲಿಲ್ಲ. ಪ್ರಾಣಿಗಳಲ್ಲಿ ಅಕ್ಕರೆಯುಳ್ಳವರು ನಗರಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರರದೇ ಎಂಬುದು ಆ ಅಂಶ. ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ ಹೀಗೆ ಮೂರನೆಯದೊಂದು ದಾರಿ ತೆರೆಯಿತು. ಆದರೆ ಆ ದಾರಿಯ ಕೊನೆಯಲ್ಲಿರುವ ಮನೆ ಎಂಥದಿರಬೇಕು, ಅದನ್ನು ಆರಿಸುವವರು ಯಾರು ಎಂಬ ಪ್ರಶ್ನೆಗೆ ಅರ್ಜಿಯ ಹಾಳೆಯಲ್ಲಿ ಉತ್ತರವಿಲ್ಲ. ಹೊಣೆಯೆಲ್ಲ ಪಡೆಯುವವನ ತಲೆಯ ಮೇಲಿದೆ. ಕೊಡುವವನಿಗೆ ಕೈತೊಳೆದುಕೊಳ್ಳುವ ಸ್ವಾತಂತ್ರ್ಯವಿದೆ. ನನ್ನ ಅನುಭವದ ಮಟ್ಟಿಗೆ, ಕೆಡುಕು ಪ್ರಾರಂಭವಾಗುವುದು ಇಲ್ಲಿಂದಲೇ.

*

ಈ ವಿಚಾರ ನನಗೆ ಪತ್ರಿಕೆಗಳನ್ನು ಓದಿ ಹೊಳೆದದ್ದಲ್ಲ. ಆಜ್ಞೆಗಳ ಚರ್ಚೆ ಇನ್ನೂ ಆರದಿದ್ದ ಆ ಮಳೆಗಾಲದಲ್ಲಿ, ವಿಜಯಪುರದಿಂದ ಇಟ್ಟಂಗಿಹಾಳಕ್ಕೆ ಹೋಗುವ ರಸ್ತೆಯ ಮೋರಿಯೊಂದರಲ್ಲಿ ಒಂದು ಕುನ್ನಿ ಸಿಕ್ಕಿತು. ತಾಯಿ ಲಾರಿಗೆ ಸಿಕ್ಕು ಸತ್ತು ಎರಡು ದಿನವಾಗಿತ್ತು. ನಾಲ್ಕು ಮರಿಗಳಲ್ಲಿ ಮೂರು ನೀರಿನ ಪಾಲಾಗಿದ್ದವು. ಉಳಿದದ್ದು ಕಂದು ಬಣ್ಣದ, ಒಂದು ಕಿವಿ ಮಾತ್ರ ನೆಟ್ಟಗಿದ್ದ ಹೆಣ್ಣುಮರಿ. ದನದ ದವಾಖಾನೆಯ ವೈದ್ಯರು ಹಲ್ಲು ನೋಡಿ ವಯಸ್ಸು ಆರು ವಾರವಿರಬಹುದೆಂದರು. ಹುಳುವಿನ ಔಷಧಿ ಕುಡಿಸಿದರು. ವಾಂತಿಭೇದಿಯಿಂದ ಮರಿಗಳನ್ನು ಎರಡೇ ದಿನದಲ್ಲಿ ಕೊಲ್ಲುವ ಪಾರ್ವೊ ರೋಗದ ಮೊದಲ ಸೂಜಿ ಹಾಕಿದರು. ಹುಚ್ಚುನಾಯಿ ರೋಗದ ಲಸಿಕೆಗೆ ಮರಿಗೆ ಮೂರು ತಿಂಗಳು ತುಂಬಬೇಕು, ಮರೆಯಬೇಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ನೀವೇ ಏಕೆ ಸಾಕಲಿಲ್ಲ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನದು ನಗರದಲ್ಲಿ ಮೇಲುಮಹಡಿಯ ಬಾಡಿಗೆಮನೆ. ನಾಯಿ ತರಕೂಡದೆಂಬುದು ಮಾಲಕರ ಮೊದಲ ಕರಾರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಕೆಲವು ದಿನಗಳ ಮಟ್ಟಿಗೆಂದು ಮಾಲಕರನ್ನು ಬೇಡಿಕೊಂಡು ಮರಿಯನ್ನು ಒಳಗೆ ತಂದೆ. ಆ ಕೆಲವು ದಿನಗಳಲ್ಲಿ ಅದಕ್ಕೊಂದು ಮನೆ ಹುಡುಕಬೇಕಿತ್ತು.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿನ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳ ನಡತೆಯನ್ನು ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು ಕಂಡು, ಮೂಸಿ, ಮುಟ್ಟಿ ಬೆಳೆಯುತ್ತದೆಯೋ ಅವರನ್ನು ತನ್ನವರೆಂದು ಬಗೆಯುತ್ತದೆ. ಆ ಕಾಲದಲ್ಲಿ ಮನುಷ್ಯರ ಸಂಗವನ್ನೇ ಕಾಣದ ಮರಿ ಮುಂದೆ ಜೀವಮಾನವಿಡೀ ಅಂಜಿಕೆಯಲ್ಲಿ ಬಾಳುತ್ತದೆ ಎಂಬುದು ಅವರ ನಿರ್ಣಯಗಳಲ್ಲಿ ಮುಖ್ಯವಾದುದು. ಅಂಜಿಕೆಯ ನಾಯಿಯೇ ಬಹುಮಟ್ಟಿಗೆ ಕಚ್ಚುವ ನಾಯಿ. ನನ್ನ ಕುನ್ನಿಗೆ ಆರು ವಾರ ಮುಗಿದಿತ್ತು, ಉಳಿದದ್ದು ಇನ್ನಾರು. ತಡಮಾಡಿದರೆ ಮರಿಗೆ ನಷ್ಟ, ಅವಸರ ಮಾಡಿದರೂ ಮರಿಗೇ ನಷ್ಟ.

*

ಮೊದಲು ಎದುರಾದದ್ದು ಒಂದೇ ಪ್ರಶ್ನೆ. ಯಾರನ್ನು ಕೇಳಿದರೂ, 'ಗಂಡೋ ಹೆಣ್ಣೋ?' ಹೆಣ್ಣೆಂದ ಕೂಡಲೆ ಮುಖ ಆಚೆ ತಿರುಗುತ್ತಿತ್ತು. ವರ್ಷಕ್ಕೆರಡು ಸಲ ಈಯುತ್ತದೆ, ಆ ಮರಿಗಳನ್ನು ಎಲ್ಲಿಗೆ ಹಾಕುವುದು ಎಂಬ ಅವರ ಭಯವನ್ನು ಹುಸಿಯೆನ್ನಲಾಗದು. ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಪದ್ಧತಿ ಈ ಭಯದಿಂದಲೇ ಹುಟ್ಟಿದ್ದು. ಬಿಟ್ಟುಬಂದ ಹೆಣ್ಣುಮರಿ ಬದುಕಿದರೆ ವರ್ಷ ತುಂಬುವಷ್ಟರಲ್ಲಿ ತಾನೇ ತಾಯಾಗುತ್ತದೆ. ಹೀಗೆ ಬೀದಿಯ ನಾಯಿಗಳ ಸಂಖ್ಯೆಯನ್ನು ನಾವೇ ಬೆಳೆಸಿ, ಆಮೇಲೆ ನಗರಸಭೆಯನ್ನು ದೂರುತ್ತೇವೆ. ಒಂದು ಶಸ್ತ್ರಚಿಕಿತ್ಸೆಯಿಂದ ಈ ಭಯ ನೀಗುತ್ತದೆ. ಆದರೆ ಅದರ ವೆಚ್ಚವನ್ನೂ ಓಡಾಟವನ್ನೂ ಮರಿಯನ್ನು ಕೊಡುವವನು ಮೊದಲೇ ಒಪ್ಪಿಕೊಂಡರೆ ಮಾತ್ರ ಹೆಣ್ಣುಮರಿಗೆ ಮನೆ ಸಿಕ್ಕೀತು ಎಂಬುದು ನನಗೆ ಹತ್ತು ಬಾಗಿಲು ತಟ್ಟಿದ ಮೇಲೆ ತಿಳಿಯಿತು.

ಎರಡನೆಯ ಪ್ರಶ್ನೆ ಜಾತಿಯದು. ನಮ್ಮ ಜಿಲ್ಲೆಗೆ ಮುಧೋಳ ದೂರವಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಅದು ವಿಜಾಪುರ ಜಿಲ್ಲೆಯ ಊರೇ ಆಗಿತ್ತು. ಆ ಸಂಸ್ಥಾನದ ಮಾಲೋಜಿರಾವ ಘೋರ್ಪಡೆಯವರು ಈ ಸೀಮೆಯ ಬೇಟೆನಾಯಿಯನ್ನು ಪೋಷಿಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಜೋಡಿಯೊಂದನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ಅದರ ಹೆಸರು ಹೇಳಿದ ಮೇಲೆ ಆ ತಳಿಯ ಕೀರ್ತಿ ದೇಶದುದ್ದಕ್ಕೂ ಹಬ್ಬಿತು. ಇದು ಅಭಿಮಾನದ ಸಂಗತಿ. ಆದರೆ ಕೀರ್ತಿ ಬಂದರೆ ಮನೆ ಬಂದಂತಾಗಲಿಲ್ಲ. ಕಣ್ಣಿಗೆ ಬಿದ್ದ ಬೇಟೆಯನ್ನು ಬಯಲಿನಲ್ಲಿ ಅಟ್ಟಿ ಹಿಡಿಯಲೆಂದು ತಲೆಮಾರುಗಳಿಂದ ಬೆಳೆದ ಪ್ರಾಣಿ ಅದು. ಅದನ್ನು ಪ್ರತಿಷ್ಠೆಗಾಗಿ ಕೊಂಡು ನಗರದ ಎರಡು ಕೋಣೆಗಳ ನಡುವೆ ಸರಪಳಿ ಹಾಕಿ ಕಟ್ಟಿದರೆ, ಓಡಲಾರದ ಆ ಓಟವೆಲ್ಲ ಬಾಗಿಲು ಕೆರೆಯುವುದರಲ್ಲಿಯೋ ಬೊಗಳುವುದರಲ್ಲಿಯೋ ಹೊರಬೀಳುತ್ತದೆ. ಕುಲವಿರುವ ನಾಯಿಗಾಗಲಿ ಕುಲವಿಲ್ಲದ ನಾಯಿಗಾಗಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮನೆಯ ದಿನಚರಿಯಲ್ಲಿ ಈ ಜೀವಕ್ಕೆ ಜಾಗವಿದೆಯೆ?

*

ಈ ಪ್ರಶ್ನೆಯನ್ನು ನಾನೇ ಕೇಳದೆ ತಪ್ಪಿದೆ. ಹನ್ನೆರಡನೆಯ ದಿನಕ್ಕೆ ಪರಿಚಯದ ಒಂದು ಕುಟುಂಬ ಮುಂದೆ ಬಂತು. ವಿದ್ಯಾವಂತರು, ಸ್ವಂತ ಮನೆ, ಇಬ್ಬರೂ ನೌಕರಿಯವರು. ಶಾಲೆಗೆ ಹೋಗುವ ಮಗನಿಗೆ ನಾಯಿಯೆಂದರೆ ಪ್ರಾಣ. ಮನೆಯನ್ನು ನೋಡಲು ಹೋದ ನಾನು ನೋಡಿದ್ದು ಕಬ್ಬಿಣದ ಗೇಟು, ಫರಸಿ ಹಾಸಿದ ಅಂಗಳ, ಹುಡುಗನ ಮುಖದ ಹಿಗ್ಗು. ಮುಂಜಾನೆ ಒಂಬತ್ತರಿಂದ ಸಂಜೆ ಆರರವರೆಗೆ ಆ ಗೇಟಿನ ಒಳಗೆ ಯಾರೂ ಇರುವುದಿಲ್ಲ ಎಂಬುದನ್ನು ನಾನು ಕೇಳಲಿಲ್ಲ, ಅವರೂ ಯೋಚಿಸಿರಲಿಲ್ಲ. ಇಪ್ಪತ್ತು ದಿನಗಳ ಮೇಲೆ ಹೋದಾಗ ಮರಿ ಮಾಳಿಗೆಯ ಮೇಲೆ ನೀರಿನ ಟಾಕಿಯ ಕೆಳಗೆ ಗಿಡ್ಡ ಹಗ್ಗದಲ್ಲಿತ್ತು. ಒಂಟಿಯಾಗಿ ಕೂಗಿ ಕೂಗಿ ನೆರೆಯವರ ಜಗಳಕ್ಕೆ ಕಾರಣವಾಗಿತ್ತು; ಚಪ್ಪಲಿ, ಪುಸ್ತಕ ಕಡಿದಿತ್ತು; ಒಮ್ಮೆ ಹುಡುಗನ ಕೈಯನ್ನೂ ಹಲ್ಲಿನಿಂದ ಗೀರಿತ್ತು. ಅವರು ಕೆಟ್ಟವರಲ್ಲ. 'ಎಲ್ಲ್ಯಾರ ಬಿಟ್ಟು ಬರಬೇಕಂದ್ವಿ, ನಿಮಗ ಏನ್ ಹೇಳೂದಂತ ಸುಮ್ಮನಾದ್ವಿ' ಎಂದು ತಲೆತಗ್ಗಿಸಿದರು. ಅಳುತ್ತಿದ್ದ ಹುಡುಗನ ಕೈಯಿಂದ ಹಗ್ಗ ಬಿಡಿಸಿಕೊಳ್ಳುವಾಗ, ತಪ್ಪು ಅವರದಕ್ಕಿಂತ ನನ್ನದು ಹೆಚ್ಚೆಂದು ನನಗೆ ತಿಳಿದಿತ್ತು. ನಾನು ಮರಿಗೆ ಮನೆ ನೋಡಿರಲಿಲ್ಲ. ನನ್ನ ಭಾರಕ್ಕೆ ಇಳಿಸುವ ಕಟ್ಟೆ ನೋಡಿದ್ದೆ.

ಅವರು ಬಿಟ್ಟುಬಂದಿದ್ದರೆ ಕಾನೂನು ಏನು ಮಾಡುತ್ತಿತ್ತು? ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯ ಪ್ರೇರಣೆಯಿಂದ ರೂಪುಗೊಂಡ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ, ಹಸಿವು ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಆ ಕಾಯಿದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ 10 ರೂಪಾಯಿಗೆ ಕಡಿಮೆಯಿಲ್ಲ, 50 ರೂಪಾಯಿಗೆ ಹೆಚ್ಚಿಲ್ಲ. ಇಂದು ಹತ್ತು ರೂಪಾಯಿಗೆ ವಿಜಯಪುರದಲ್ಲಿ ಒಂದು ಕಪ್ಪು ಚಹಾ ಬಂದರೆ ಪುಣ್ಯ. ದಂಡವನ್ನು ಹೆಚ್ಚಿಸಬೇಕೆನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ದಂಡ ತೊರೆದ ಮೇಲೆ ಬರುವಂಥದು; ತೊರೆಯುವ ಸಂದರ್ಭವೇ ಬಾರದಂತೆ ಮಾಡುವ ಕೆಲಸ ಕೊಡುವ ಗಳಿಗೆಯಲ್ಲಿ ಆಗಬೇಕು.

ರಾಮಾಯಣದ ಉತ್ತರಕಾಂಡದಲ್ಲಿ, ಪ್ರಕ್ಷಿಪ್ತವೆಂದು ಪಂಡಿತರು ಎಣಿಸುವ ಭಾಗದಲ್ಲಿ, ನಾಯಿಯೊಂದು ರಾಮನ ಆಸ್ಥಾನಕ್ಕೆ ನ್ಯಾಯ ಕೇಳಿಕೊಂಡು ಬರುವ ಕಥೆಯಿದೆ. ಹಸಿದು ಸಿಟ್ಟಾಗಿದ್ದ ಬ್ರಾಹ್ಮಣನೊಬ್ಬ ದಾರಿಗಡ್ಡ ಇದ್ದ ಆ ನಾಯಿಯ ತಲೆಗೆ ಹೊಡೆದಿರುತ್ತಾನೆ. ಏನು ಶಿಕ್ಷೆ ಕೊಡಲೆಂದು ರಾಮ ಕೇಳಿದರೆ, ಇವನನ್ನು ಕಾಲಂಜರದ ಕುಲಪತಿಯನ್ನಾಗಿ ಮಾಡು ಎನ್ನುತ್ತದೆ ನಾಯಿ. ಸಭೆ ಬೆರಗಾಗುತ್ತದೆ; ಇದು ಶಿಕ್ಷೆಯೋ ಬಹುಮಾನವೋ? ಹಿಂದಿನ ಜನ್ಮದಲ್ಲಿ ನಾನೂ ಅದೇ ಸ್ಥಾನದಲ್ಲಿದ್ದೆ, ಅಲ್ಲಿಂದ ಈ ಗತಿಗೆ ಬಂದೆ ಎಂದು ನಾಯಿ ವಿವರಿಸುತ್ತದೆ. ತನ್ನನ್ನೇ ನಂಬಿದವರ ಮೇಲೆ ಅಧಿಕಾರ ಪಡೆದವನು ಜಾರುವುದು ಎಷ್ಟು ಸುಲಭವೆಂಬುದನ್ನು ಆ ಕಥೆ ಕಂಡಿದೆ. ನಾಯಿಯೊಂದನ್ನು ಮನೆಗೆ ಕೊಡುವುದೆಂದರೆ ಅಂಥ ಒಂದು ಚಿಕ್ಕ ಅಧಿಕಾರವನ್ನು ಒಬ್ಬರ ಕೈಗೆ ಒಪ್ಪಿಸುವುದು. ಒಪ್ಪಿಸುವವನು ನೋಡಿ ಒಪ್ಪಿಸಬೇಡವೆ?

*

ನಮ್ಮ ಜನಕ್ಕೆ ಈ ನೋಟ ಹೊಸದಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಖಿಲಾರಿ ಹೋರಿಯನ್ನು ಕೊಳ್ಳುವವನು ಹಲ್ಲು, ಗೊರಸು, ಸುಳಿ ನೋಡುತ್ತಾನೆ. ಮಾರುವವನು ಕೊಳ್ಳುವವನ ಊರು, ನೀರು, ಮೇವು ವಿಚಾರಿಸುತ್ತಾನೆ. ಕಟುಕನಿಗೆ ಕೊಡಲಾರೆನೆಂದು ಹೆಚ್ಚಿನ ಬೆಲೆಯನ್ನು ಬಿಟ್ಟು ಹಗ್ಗ ಹಿಡಿದು ಮರಳಿದ ಒಕ್ಕಲಿಗರನ್ನು ನಾನು ಕಂಡಿದ್ದೇನೆ. ದುಡಿಯುವ ಎತ್ತಿಗಿರುವ ಈ ಮರ್ಯಾದೆ ಬೀದಿಯ ಕುನ್ನಿಗೆ ಇಲ್ಲದಿರುವುದಕ್ಕೆ ಕಾರಣ, ಅದಕ್ಕೆ ಬೆಲೆಯಿಲ್ಲವೆಂಬುದೊಂದೇ. ಪುಕ್ಕಟೆ ಕೊಡುವುದನ್ನು ನಾವು ವಿಚಾರಿಸಿ ಕೊಡುವುದಿಲ್ಲ.

ಕನ್ನಡ ನಾಡು ನಾಯಿಗೆ ಬೆಲೆ ಕಟ್ಟಿದ ಕಾಲವೂ ಇತ್ತು. ಮಂಡ್ಯ ಸೀಮೆಯ ಆತಕೂರಿನ ಶಾಸನ ಕ್ರಿ. ಶ. 949-50ರದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲರನಿಗೆ ಗಂಗರ ಬೂತುಗ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೊಡನೆ ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಭೂಮಿ ಬಿಟ್ಟರು. ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲನ್ನು ನಾವು ವೀರಕ್ಕಾಗಿ ನೆನೆಯುತ್ತೇವೆ. ನನಗೆ ಈಗ ಅದರಲ್ಲಿ ಬೇರೊಂದು ಅರ್ಥ ಕಾಣುತ್ತದೆ: ನಾಯಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದದ್ದು ಕೇಳಿ ಪಡೆದವನ ಕೈಗೆ. ಬೂತುಗ ಅದನ್ನು ಮಣಲರನ ಮೇಲೆ ಹೊರಿಸಲಿಲ್ಲ.

*

ಎರಡನೆಯ ಸಲ ನಾನು ಸಾವಕಾಶವಾಗಿ ಹುಡುಕಿದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದವರು ಕಾವಲಿಗೆ ಬೇಕೆಂದರು. ಹಗಲೆಲ್ಲ ಸರಪಳಿ, ರಾತ್ರಿ ಬಿಡುಗಡೆ ಎಂಬುದು ಅವರ ಪದ್ಧತಿ. ಬೇಡವೆಂದೆ. ಕುರಿಗಾರನೊಬ್ಬ ಒಯ್ಯಲು ಸಿದ್ಧನಿದ್ದ. ಅವನಲ್ಲಿ ಅಕ್ಕರೆಗೆ ಕೊರತೆಯಿರಲಿಲ್ಲ, ಆದರೆ ಹುಚ್ಚುನಾಯಿ ಸೂಜಿಗೆ ನಿಗದಿತ ದಿನ ಒಂದೆಡೆ ಸಿಗುವ ಭರವಸೆ ಅವನಿಗೇ ಇರಲಿಲ್ಲ. ಗುಳೆ ಹೋಗುವ ಕುಟುಂಬವೊಂದು, ಸುಗ್ಗಿಯ ಮೇಲೆ ಗೋವೆಗೆ ಹೋದರೆ ಕುನ್ನಿಯ ಗತಿಯೇನೆಂದು ತಾನೇ ಯೋಚಿಸಿ ಹಿಂದೆ ಸರಿಯಿತು. ಆ ಪ್ರಾಮಾಣಿಕತೆಗೆ ನಾನು ಕೈಮುಗಿದೆ. ಬಡತನ ಅಯೋಗ್ಯತೆಯಲ್ಲ, ಸಿರಿವಂತಿಕೆ ಯೋಗ್ಯತೆಯಲ್ಲ ಎಂಬುದು ಈ ಹುಡುಕಾಟದಲ್ಲಿ ದಿನದಿನಕ್ಕೆ ಸ್ಪಷ್ಟವಾಗುತ್ತ ಬಂತು.

ಕೊನೆಗೆ ಇಟ್ಟಂಗಿಹಾಳದ ಹೊಲದ ವಸ್ತಿಯೊಂದರಲ್ಲಿ ಎಪ್ಪತ್ತು ದಾಟಿದ ಮುದುಕಿ ಸಿಕ್ಕಳು. ಮಗ, ಸೊಸೆ ಹೊಲದಲ್ಲಿ, ಮೊಮ್ಮಗಳು ಹೈಸ್ಕೂಲಿನಲ್ಲಿ, ಮುದುಕಿ ದಿನವಿಡೀ ಅಂಗಳದಲ್ಲಿ. ಅಲ್ಲಿಯವರೆಗೆ ಎಲ್ಲ ಮನೆಗಳಲ್ಲಿ ಪ್ರಶ್ನೆ ಕೇಳಿದವನು ನಾನು. ಇಲ್ಲಿ ಮುದುಕಿಯೇ ಕೇಳತೊಡಗಿದಳು.

'ಏನ್ ತಿಂತೈತ್ರಿ ಮಾಸ್ತರ ಇದು? ರಾತ್ರಿ ಅಳತೈತೇನು? ಇದರವ್ವ ಹ್ಯಾಂಗ ಸತ್ತಳು? ಹಗ್ಗ ಕಂಡ್ರ ಯಾಕ ಹಿಂಗ ನಡಗತೈತಿ?'

ಹಗ್ಗದ ಕಥೆಯನ್ನು ನಾಚಿಕೆಯಿಂದಲೇ ಹೇಳಿದೆ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅವಳ ಮುಖ ಬಾಡಿತು. ತಾಯ್ತನ ಕೀಳುವುದು ಪಾಪವಲ್ಲವೆ ಎಂಬುದು ಅವಳ ಶಂಕೆ. ಮೋರಿಯಲ್ಲಿ ತೇಲಿದ ಮೂರು ಮರಿಗಳ ಸಂಗತಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, 'ಆತು, ಮಾಡ್ಸ್ರಿ. ಆದರ ನಾ ಜೋಡಿ ಬರ್ತೀನಿ' ಎಂದಳು. ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ.

'ನಂದೇನ್ ಇನ್ನ ಎರಡ ದಿನದ್ದು. ಹುಡುಗಿ ಲಗ್ನಾಗಿ ಹೋಗ್ತಾಳ. ನನ್ನ ಹಿಂದ ಇದನ್ನ ಯಾರು ನೋಡವ್ರು?'

ನಾಯಿಯ ಆಯುಸ್ಸು ಹನ್ನೆರಡು, ಹದಿಮೂರು ವರ್ಷ. ಈ ಲೆಕ್ಕವನ್ನು ನೌಕರಿಯ ಮನೆಯವರು ಹಾಕಿರಲಿಲ್ಲ, ಓದಿದ ನಾನೂ ಹಾಕಿರಲಿಲ್ಲ. 'ನಾ ಒಯ್ತೀನಿ ಆಯಿ' ಎಂದೆ. 'ಮಾತ ಕೊಡ್ರಿ' ಎಂದು ಅಂಗೈ ಚಾಚಿದಳು. ಕೊಟ್ಟೆ.

*

ಕುನ್ನಿಯ ಕಥೆಯನ್ನು ಇಷ್ಟು ಹೇಳಿದ್ದು ಕನಿಕರ ಹುಟ್ಟಿಸಲೆಂದಲ್ಲ. ಬೀದಿನಾಯಿಯ ಪ್ರಶ್ನೆಯಲ್ಲಿ ಕನಿಕರಕ್ಕೆ ಪಾತ್ರರಾಗಬೇಕಾದ ಮನುಷ್ಯರೂ ಇದ್ದಾರೆ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲಿ ಸಂಭವಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ. ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ಕಾರಿನಲ್ಲಿ ತಿರುಗುವವರಲ್ಲ, ನಡೆದು ಶಾಲೆಗೆ ಹೋಗುವ ಮಕ್ಕಳು. ದತ್ತು ಪಡೆಯುವುದರಿಂದಲೇ ಈ ಕಷ್ಟ ತೀರುವುದೆಂದು ಹೇಳುವವನು ಲೆಕ್ಕ ಬಾರದವನು. ನಾಯಿಗಳ ಸಂಖ್ಯೆಗೆ ಮನೆಗಳು ಸಾಲವು. 2001ರ ನಿಯಮಗಳೂ ಅವುಗಳ ಬದಲು ಬಂದ 2023ರ ನಿಯಮಗಳೂ ವಿಧಿಸುವ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಕೆಲಸ ಊರೂರಿಗೆ ನಿಷ್ಠೆಯಿಂದ ನಡೆಯಬೇಕು. ಆದರೆ ಮರಿಗಳ ವಿಷಯ ಬೇರೆ. ಹನ್ನೆರಡು ವಾರದೊಳಗಿನ ಮರಿಯನ್ನು ಯೋಗ್ಯವಾದ ಮನೆಗೆ ಸೇರಿಸಿದರೆ ಬೀದಿಯಲ್ಲಿ ಒಂದು ಅಂಜಿದ ನಾಯಿ ಕಡಿಮೆಯಾಗುತ್ತದೆ. ಅಯೋಗ್ಯವಾದ ಮನೆಗೆ ಸೇರಿಸಿದರೆ ಹಗ್ಗಕ್ಕೆ ನಡುಗುವ, ಮನುಷ್ಯನನ್ನು ನಂಬದ ನಾಯಿಯೊಂದನ್ನು ವರ್ಷದ ಮೇಲೆ ಅದೇ ಬೀದಿಗೆ ಮರಳಿ ಕೊಟ್ಟಂತಾಗುತ್ತದೆ. ತಪ್ಪಿದ ದತ್ತು, ದತ್ತಿಲ್ಲದ್ದಕ್ಕಿಂತ ಕೆಟ್ಟದ್ದು.

ಆದುದರಿಂದ ನಗರಸಂಸ್ಥೆಗಳು ಅರ್ಜಿಯ ಹಾಳೆಗೆ ನಾಲ್ಕು ಸಾಲು ಸೇರಿಸಲಿ. ಹಗಲು ಮನೆಯಲ್ಲಿ ಯಾರಿರುತ್ತಾರೆ? ವರ್ಷಕ್ಕೊಮ್ಮೆ ಲಸಿಕೆಗೆ ಯಾರು ಒಯ್ಯುತ್ತಾರೆ? ಊರು ಬಿಡಬೇಕಾದರೆ ಏನು ವ್ಯವಸ್ಥೆ? ನಿಮ್ಮ ನಂತರ ಯಾರು? ಕೊಡುವವರೂ ಮೂರು ಮಾತು ಬರೆದುಕೊಡಲಿ: ಶಸ್ತ್ರಚಿಕಿತ್ಸೆ ನಮ್ಮ ಹೊಣೆ, ತಿಂಗಳಿಗೊಮ್ಮೆ ಬಂದು ನೋಡುತ್ತೇವೆ, ಹೊಂದದಿದ್ದರೆ ಮರಳಿ ತೆಗೆದುಕೊಳ್ಳುತ್ತೇವೆ. ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮರಳಿ ಕೊಡಬಹುದೆಂದು ತಿಳಿದವನು ರಾತ್ರಿ ಕತ್ತಲಲ್ಲಿ ಊರಾಚೆ ಬಿಟ್ಟುಬರುವುದಿಲ್ಲ. ಇದಕ್ಕೆ ಹಣ ಬೇಡ. ಊರಿನ ಶಾಲೆಯ ಒಬ್ಬ ಶಿಕ್ಷಕ, ನಾಲ್ಕು ಮಂದಿ ವಿದ್ಯಾರ್ಥಿಗಳು, ಒಂದು ದಾಖಲೆ ಪುಸ್ತಕ ಸಾಕು.

ಕುನ್ನಿಗೆ ಈಗ ಆರು ತಿಂಗಳು ದಾಟಿದೆ. ಶಸ್ತ್ರಚಿಕಿತ್ಸೆಯ ದಿನ ಮುದುಕಿ ಹೇಳಿದಂತೆ ಜೊತೆಗೆ ಬಂದು, ದವಾಖಾನೆಯ ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಅದು ಹಗ್ಗಕ್ಕೆ ಇನ್ನೂ ಅಂಜುತ್ತದೆ. ಆ ವಸ್ತಿಯಲ್ಲಿ ಅದಕ್ಕೆ ಯಾರೂ ಹಗ್ಗ ಹಾಕಿಲ್ಲ. ತಿಂಗಳಿಗೊಮ್ಮೆ ಹೋದಾಗ ನನ್ನನ್ನು ಮೂಸಿ, ಬಾಲವಾಡಿಸಿ, ಮುದುಕಿಯ ಕಾಲಬಳಿಗೆ ಮರಳುತ್ತದೆ. ಅದು ಹಾಗೆ ಮರಳುವುದೇ ನನಗೆ ಸಮಾಧಾನ.

ಉಳಿದದ್ದು ನಾನು ಕೊಟ್ಟ ಮಾತು. ಅದನ್ನು ನಡೆಸಲು ನೆಲದ ಮಟ್ಟದ, ಅಂಗಳವಿರುವ, ನಾಯಿ ಬೇಡವೆನ್ನದ ಮಾಲಕರ ಮನೆಯೊಂದು ಬೇಕು. ವಿಜಯಪುರದಲ್ಲಿ ಹುಡುಕುತ್ತಿದ್ದೇನೆ; ಇನ್ನೂ ಸಿಕ್ಕಿಲ್ಲ.